ಚರ್ಚಿನಲ್ಲಿ ಹಚ್ಚಿದ ದೀಪಕ್ಕೆ ಪ್ರಾಯಶ್ಚಿತ್ತ ಬೇಕೇ?

ಪ್ರಶ್ನೆ: ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮನೆಯ ಕ್ರೈಸ್ತ ಗೆಳತಿಯ ಜೊತೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಮನಸ್ಸಿಗೆ ಧೈರ್ಯ ಬಂತು. ಇದು ದೋಷವೇ? ಪ್ರಾಯಶ್ಚಿತ್ತವೇನು?
– ಒಬ್ಬ ಗೃಹಿಣಿ, ಹಾಸನ

ಉತ್ತರ: ದೋಷವಿಲ್ಲ ತಾಯೀ, ಪ್ರಾಯಶ್ಚಿತ್ತವೂ ಬೇಡ. ಗೀತೆಯ 7ನೇ ಅಧ್ಯಾಯದಲ್ಲಿ ಭಗವಂತನು ನಾಲ್ಕು ಬಗೆಯ ಭಕ್ತರನ್ನು ಹೇಳುವಾಗ ಮೊದಲು ಹೆಸರಿಸಿದ್ದು ಆರ್ತನನ್ನು, ಅಂದರೆ ಕಷ್ಟದಲ್ಲಿ ಮೊರೆಯಿಡುವವನನ್ನು. ಆ ಮೊರೆಯಲ್ಲಿ ಅವನು ಮಡಿ-ಮೈಲಿಗೆ ಹುಡುಕೋದಿಲ್ಲ.

ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚನ್ನು ನೀವೂ ನೋಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಬಂದ ಮೇಲೆ ಹಿನ್ನೀರು ಊರನ್ನೇ ನುಂಗಿತು, ಜನ ಮನೆ-ಹೊಲ ಬಿಟ್ಟು ಹೊರಟರು. ಈಗ ಅಲ್ಲಿರೋದು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಪಾಳು ಗೋಡೆಗಳು ಮಾತ್ರ. ಪ್ರಾರ್ಥನೆಯನ್ನು ಆ ಜನ ತಮ್ಮ ಜೊತೆಗೇ ಕೊಂಡೊಯ್ದರು. ಧೈರ್ಯ ಅವರಿಗೆ ಸಿಕ್ಕಿದ್ದು ಗೋಡೆಯಿಂದಲ್ಲ, ನಂಬಿಕೆಯಿಂದ. ನಿಮಗೆ ಅಂದು ಸಿಕ್ಕಿದ್ದೂ ಅದೇ.

ಎರಡು ಮಾತು ನೆನಪಿರಲಿ. ಅಲ್ಲಿ ಹರಕೆ ಹೊತ್ತಿದ್ದರೆ ತಪ್ಪದೆ ತೀರಿಸಿ. ಯಾವ ಸನ್ನಿಧಿಯಲ್ಲಿ ಕೊಟ್ಟ ಮಾತಾದರೂ ಸಾಲವೇ. ಮನೆಯ ನಿತ್ಯಪೂಜೆಯನ್ನು ಎಂದಿನಂತೆ ನಡೆಸಿ. ಆ ಗೆಳತಿಗೆ ಕಷ್ಟ ಬಂದ ದಿನ ನೀವು ಅವರ ಪಕ್ಕದಲ್ಲಿರಿ. ಶುಭವಾಗಲಿ.