‘ಹ’ಕಾರದ ಮುಂದೆ

ಹುಣಸೂರಿನಿಂದ ಹನಗೋಡಿಗೆ ಬಸ್ಸು ಹತ್ತಿದರೆ ಕಂಡಕ್ಟರಿಗೆ ಹೇಳಬೇಕಾದದ್ದು ಒಂದೇ ಮಾತು. ಉಗ್ಗುವವನಿಗೆ ಆ ಒಂದು ಮಾತೇ ಬೆಟ್ಟ. ನನ್ನ ‘ಹ’ಕಾರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪಕ್ಕದವರು ಯಾರೋ ಕನಿಕರದಿಂದ ‘ಹನಗೋಡು ಕಣ್ರೀ, ಕೊಡಿ’ ಎಂದುಬಿಡುತ್ತಿದ್ದರು. ಟಿಕೆಟ್ ಕೈಗೆ ಬರುತ್ತಿತ್ತು, ಮಾತು ಒಳಗೇ ಉಳಿಯುತ್ತಿತ್ತು. ಅವ್ವ ಜೇನಿನಲ್ಲಿ ಬಜೆ ತೇದು ನಾಲಿಗೆಗೆ ಸವರಿದಳು. ದೋಷ ನಾಲಿಗೆಯದೆಂದೇ ಎಲ್ಲರ ನಂಬಿಕೆ. ಶಾಲೆಯ ಪ್ರಾರ್ಥನೆಯಲ್ಲಿ, ಊರ ಭಜನೆಯಲ್ಲಿ ಹತ್ತು ದನಿಗಳ ಜೊತೆ ಸೇರಿದಾಗ ಅದೇ ನಾಲಿಗೆ ಎಲ್ಲೂ ತಡವರಿಸುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ನಾನು ಕಂಡ ಸಿನಿಮಾಗಳಲ್ಲಿ ಉಗ್ಗುವವನು ಬರುತ್ತಿದ್ದುದು ನಗಿಸಲಿಕ್ಕೆ. ಅವನು ತೊದಲಿದಾಗಲೆಲ್ಲ ಸಿಳ್ಳೆ. ಆ ಸಿಳ್ಳೆ ನನ್ನ ಬೆನ್ನಿಗೇ ಬೀಳುತ್ತಿತ್ತು.

2010ರ ‘ದಿ ಕಿಂಗ್ಸ್ ಸ್ಪೀಚ್’ ನೋಡಿದಾಗ ಬೇರೆಯದೇ ಆಯಿತು. ಮುಂದೆ ಆರನೇ ಜಾರ್ಜ್ ದೊರೆಯಾಗುವವನು 1925ರಲ್ಲಿ ವೆಂಬ್ಲಿಯ ಮೈಕಿನೆದುರು ನಿಂತಿದ್ದಾನೆ. ಮಾತು ಹೊರಡದು. ನೋಡುವವರು ಅವನ ಮಾತನ್ನು ಪೂರ್ತಿ ಮಾಡಿಕೊಡುವಂತಿಲ್ಲ, ಕಾಯಲೇಬೇಕು. ಉಗ್ಗುವವನಿಗೆ ಸಿನಿಮಾ ಔಷಧಿಯಾಗುವುದಾದರೆ ಇಲ್ಲೇ ಎಂದು ನನಗನ್ನಿಸಿದೆ: ಅದು ವಾಸಿ ಮಾಡುವುದು ಕೇಳುವವರ ಅವಸರವನ್ನು. ಉಸಿರನ್ನು ಸರಾಗವಾಗಿ ಬಿಡುವ, ಮೊದಲ ಅಕ್ಷರವನ್ನು ಮೃದುವಾಗಿ ಎತ್ತಿಕೊಳ್ಳುವ ಅಭ್ಯಾಸಕ್ಕೆ ವಾಕ್ ಚಿಕಿತ್ಸಕರೇ ಬೇಕು. ಅದಕ್ಕೆ ನಮಗೆ ಮೈಸೂರು ದೂರವಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಅಲ್ಲಿದೆ.

ಆ ಚಿತ್ರಕಥೆಯೂ ಕಾದು ಬಂದದ್ದು. ಬರೆದ ಡೇವಿಡ್ ಸೈಡ್ಲರ್ ಬಾಲ್ಯದಲ್ಲಿ ಉಗ್ಗುತ್ತಿದ್ದವರು. ರೇಡಿಯೋದಲ್ಲಿ ಕೇಳಿದ ದೊರೆಯ ದನಿಯೇ ಅವರಿಗೆ ಧೈರ್ಯ. ಕಥೆ ಬರೆಯಲು ದೊರೆಯ ಪತ್ನಿಯ ಅನುಮತಿ ಕೇಳಿದಾಗ, ತಾನು ಬದುಕಿರುವವರೆಗೆ ಬೇಡ, ಆ ನೆನಪು ಈಗಲೂ ನೋಯಿಸುತ್ತದೆ ಎಂದರು ಆಕೆ. ಆಕೆ ತೀರಿಕೊಂಡದ್ದು 2002ರಲ್ಲಿ. ಅಲ್ಲಿಯವರೆಗೂ ಸೈಡ್ಲರ್ ಸುಮ್ಮನಿದ್ದರು. ಮತ್ತೊಬ್ಬರ ಮೌನಕ್ಕೆ ಅಷ್ಟು ಮರ್ಯಾದೆ ಕೊಡಲು, ಮಾತು ಬಾರದ ಹೊತ್ತುಗಳನ್ನು ಸ್ವತಃ ಕಂಡವರಿಗೇ ಸಾಧ್ಯವೇನೋ.

ಕೊನೆಯ ಯುದ್ಧಭಾಷಣ ಮುಗಿದ ಮೇಲೂ ಚಿತ್ರದ ದೊರೆ ಪೂರ್ತಿ ವಾಸಿಯಾಗಿಲ್ಲ. ಒಂದು ಅಕ್ಷರ ಇನ್ನೂ ತಡೆಯಿತೆಂದು ಚಿಕಿತ್ಸಕ ಲೋಗ್ ನೆನಪಿಸಿದರೆ, ಮಾತಾಡಿದ್ದು ತಾನೇ ಎಂದು ಜನಕ್ಕೆ ಗೊತ್ತಾಗಬೇಕಲ್ಲ ಎನ್ನುತ್ತಾನೆ ಅವನು.

ಮೊನ್ನೆ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಮಿಷನ್ ಹಿಡಿದು ನಿಂತ. ಪಕ್ಕದ ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ಮುಟ್ಟಿ, ‘ಇರಿ ಯಜಮಾನ್ರೇ’ ಎಂದೆ. ಕಂಡಕ್ಟರ್ ನನ್ನ ಮುಖ ನೋಡುತ್ತ ನಿಂತೇ ಇದ್ದ.

‘ಹ... ಹ... ಹನಗೋಡು.’