ವಾಲ್ರಸ್‌ನ ಅರ್ಥ ಯಾರ ಸೊತ್ತು?

ಹಾಡಿನ ಅರ್ಥವನ್ನು ನಿರ್ಧರಿಸುವವರು ಬರೆದವರೋ ಕೇಳುವವರೋ ಎಂಬ ಪ್ರಶ್ನೆಗೆ ಬೀಟಲ್ಸ್ ತಂಡದ ‘ಐ ಆಮ್ ದಿ ವಾಲ್ರಸ್’ (1967) ಒಂದು ತುಂಟ ಉದಾಹರಣೆ. ತಾವು ಓದಿದ್ದ ಶಾಲೆಯಲ್ಲಿ ಮೇಷ್ಟರು ಬೀಟಲ್ಸ್ ಹಾಡುಗಳಿಗೆ ಅರ್ಥ ಬಿಡಿಸುತ್ತಿದ್ದಾರೆಂದು ವಿದ್ಯಾರ್ಥಿಯೊಬ್ಬನ ಪತ್ರದಿಂದ ತಿಳಿದ, ಈ ಹಾಡು ಬರೆದ ಜಾನ್ ಲೆನನ್, ಪಂಡಿತರು ತಿಣುಕಾಡಲೆಂದೇ ಅಸಂಬದ್ಧ ಸಾಲುಗಳನ್ನು ಪೋಣಿಸಿದರು ಎಂದು ಅವರ ಗೆಳೆಯ ಪೀಟ್ ಶಾಟನ್ ದಾಖಲಿಸಿದ್ದಾರೆ. ವಾಲ್ರಸ್ ಬಂದದ್ದು ಲೂಯಿಸ್ ಕ್ಯಾರಲ್ ಪದ್ಯದಿಂದ. ಅಲ್ಲಿ ಅದು ನಂಬಿ ಬಂದ ಸಿಂಪಿಗಳನ್ನು ತಿಂದುಹಾಕುವ ಖಳ. ಇದು ತಮಗೆ ಹೊಳೆದದ್ದು ತಡವಾಗಿ ಎಂದು ಲೆನನ್ನರೇ ಮುಂದೆ ಒಪ್ಪಿಕೊಂಡರು. ಅರ್ಥ ಬರೆದವನ ಕೈಮೀರಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಲೇಖಕನ ಉದ್ದೇಶ ಕೃತಿಯ ಅಳತೆಗೋಲಲ್ಲವೆಂದು ವಿಮರ್ಶಕರಾದ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲೇ ವಾದಿಸಿದ್ದರು. 1967ರಲ್ಲಿ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಲೇಖಕನ ಮರಣವನ್ನೇ ಸಾರಿದರು. ಹಾಸ್ಯ ಮಾತ್ರ ಈ ವಾದಕ್ಕೆ ಸುಲಭವಾಗಿ ಬಗ್ಗದು. ತಮಾಷೆಯನ್ನು ತಮಾಷೆಯೆಂದು ಗುರುತಿಸಲು ಹೇಳಿದವನ ಮನಸ್ಸನ್ನು ಸ್ವಲ್ಪವಾದರೂ ಊಹಿಸಲೇಬೇಕು.

1968ರ ‘ಗ್ಲಾಸ್ ಆನಿಯನ್’ ಹಾಡಿನಲ್ಲಿ ಲೆನನ್ ಅರ್ಥಶೋಧಕರನ್ನು ಸುಳ್ಳು ಸುಳಿವು ಕೊಟ್ಟು ಮತ್ತೆ ಕೆಣಕಿದರು. ಆ ಹಾಡಿದ್ದ ಆಲ್ಬಮ್ಮನ್ನೇ ಪಂಥವೊಂದರ ನಾಯಕ ಚಾರ್ಲ್ಸ್ ಮ್ಯಾನ್ಸನ್ ಬೈಬಲ್ಲಿನ ಪ್ರಕಟನೆ ಗ್ರಂಥದ ಪಕ್ಕದಲ್ಲಿಟ್ಟು, ನಗೆಯ ಸುಳಿವೇ ಇಲ್ಲದೆ, ಭವಿಷ್ಯವಾಣಿಯಾಗಿ ಓದಿದ. 1969ರಲ್ಲಿ ಅವನ ಅನುಯಾಯಿಗಳು ಕೊಲೆಗಿಳಿದರು.