ಉಳಿಯುವವರ ಆಯ್ಕೆ

ಮನೆ ಎಲ್ಲಿ ಮಾಡಬೇಕೆಂಬುದು ನಮ್ಮದೇ ತೀರ್ಮಾನ ಎಂದು ನಾವೆಲ್ಲ ನಂಬಿದ್ದೇವೆ. ಸಂಬಳ, ಸಾಲದ ಕಂತು, ಮಕ್ಕಳ ಶಾಲೆ ಎಲ್ಲ ಲೆಕ್ಕ ಹಾಕಿ ಸೈಟು ನೋಡುತ್ತೇವೆ. ಆ ಲೆಕ್ಕವನ್ನು ನಮ್ಮ ಕೈಯಲ್ಲಿ ಹಾಕಿಸುವುದು ಮಾತ್ರ ಬೆಂಗಳೂರಿನ ಸ್ವಭಾವ. ಕೆಲಸವನ್ನು ತನ್ನಲ್ಲೇ ಇಟ್ಟುಕೊಂಡು ಕೆಲಸಗಾರರನ್ನು ಹೊರಗೆ ತಳ್ಳುವ ನಗರ ಅದು. ಹಾಗೆ ಹೊರಬಿದ್ದವರು ನೆಲಮಂಗಲಕ್ಕೋ ಹೊಸಕೋಟೆಗೋ ಬಂದು, ಈ ಊರನ್ನು ಇಷ್ಟಪಟ್ಟು ಬಂದೆವು ಎನ್ನುತ್ತಾರೆ. ಬಹುಪಾಲು ಅವರು ನೋಡಿರುವುದು ಮೆಜೆಸ್ಟಿಕ್ಕಿಗೋ ವೈಟ್‌ಫೀಲ್ಡಿಗೋ ಎಷ್ಟು ದೂರ ಎಂಬುದನ್ನು.

ಆಡಳಿತವೂ ಹಾಗೆಯೇ ನೋಡಿದೆ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದಾಗ ನಗರ ಬಿಟ್ಟು ಉಳಿದದ್ದು ಗ್ರಾಮಾಂತರವಾಯಿತು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ನಾಲ್ಕೇ ತಾಲ್ಲೂಕು ಉಳಿದವು. ಬಹುಕಾಲ ಜಿಲ್ಲಾಧಿಕಾರಿಗಳ ಕಚೇರಿಯೂ ಬೆಂಗಳೂರಿನಲ್ಲೇ ಇತ್ತು. ದೊಡ್ಡಬಳ್ಳಾಪುರದ ರೈತ ತನ್ನ ಜಿಲ್ಲೆಯ ಕೆಲಸಕ್ಕೆ ಜಿಲ್ಲೆ ದಾಟಿ ಹೋಗಬೇಕಿತ್ತು. ಈ ಊರುಗಳಿಗೆ ಸ್ವಂತ ಗುಣವಿಲ್ಲ, ಇವು ನಗರದ ಅಂಚು ಅಷ್ಟೇ ಎಂಬ ಭಾವನೆ ಹೀಗೆ ಬೇರುಬಿಟ್ಟಿತು. ಅದು ಸುಳ್ಳು.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದೇ ಬದುಕು. ವಿಮರ್ಶಕ ಡಿ.ಆರ್. ನಾಗರಾಜ್ 1954ರಲ್ಲಿ ಹುಟ್ಟಿದ್ದು ಈ ಊರಿನ ನೇಕಾರ ಮನೆತನದಲ್ಲಿ. ಹೊಸದಾಗಿ ಬಂದವರಿಗೆ ಆ ಸದ್ದು ನಿದ್ದೆಗೆಡಿಸುವ ಕಿರಿಕಿರಿ ಎನಿಸಬಹುದು. ಪಕ್ಕದ ಮನೆಯವರಿಗೆ ಅದು ನಿಂತರೆ ಒಲೆಯೂ ನಿಂತಂತೆ. ಒಂದು ಊರು ತನ್ನಲ್ಲಿರುವವರಿಂದ ಏನನ್ನು ಕೇಳುತ್ತದೆ, ಏನನ್ನು ಸಹಿಸಿಕೊಳ್ಳಲು ಹೇಳುತ್ತದೆ ಎಂಬುದರಲ್ಲೇ ಅದರ ಗುಣ ಇದೆಯೆಂದು ನನಗನಿಸುತ್ತದೆ. ನಂದಿ ಬೆಟ್ಟ ಕಾಣುವ ಬಾಲ್ಕನಿ ಯಾರಿಂದಲೂ ಏನನ್ನೂ ಕೇಳುವುದಿಲ್ಲ.

ಹಾಗಾದರೆ ಒಂದು ಊರಿನಲ್ಲಿ ಉಳಿಯುವುದೆಂದರೆ ಅದು ಕೇಳುವುದನ್ನು ಒಪ್ಪಿದಂತೆಯೇ? ಪ್ಲೇಟೋನ 'ಕ್ರೀಟೋ' ಸಂವಾದದಲ್ಲಿ ಅಥೆನ್ಸಿನ ಕಾನೂನುಗಳೇ ಸಾಕ್ರಟೀಸನೊಡನೆ ಮಾತಿಗಿಳಿಯುತ್ತವೆ: ಆಸ್ತಿಪಾಸ್ತಿಯೊಂದಿಗೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಹೋಗಲಿಲ್ಲ, ಆದ್ದರಿಂದ ನಮ್ಮನ್ನು ಒಪ್ಪಿದ್ದೀಯ ಎಂದು. ಉಳಿಯುವುದೂ ಆಯ್ಕೆಯೇ ಎಂಬ ಈ ವಾದ ನನಗೆ ತುಂಬ ಹಿಡಿಸುತ್ತದೆ. ಇದಕ್ಕೆ ಡೇವಿಡ್ ಹ್ಯೂಮ್ ಎತ್ತಿದ ಆಕ್ಷೇಪವೂ ಗಟ್ಟಿಯಾದದ್ದು. ದಿನದ ಕೂಲಿಯಲ್ಲಿ ಬದುಕುವ ಬಡವನಿಗೆ ಬೇರೆಡೆಗೆ ಹೋಗುವ ಶಕ್ತಿಯೇ ಇಲ್ಲದಿರುವಾಗ ಅವನು ಒಪ್ಪಿ ಉಳಿದ ಎನ್ನುವುದು ಹೇಗೆ?

ಈ ಪ್ರಶ್ನೆಗೆ ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದು ಉತ್ತರ ಸಿಕ್ಕಿದೆ. 2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನೆಲದ ಬೆಲೆ ಏರುತ್ತಲೇ ಹೋಯಿತು. ಮುಂದೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತು. ಪರಿಹಾರದ ಹಣ ಹಿಡಿದು ಹೊರಡುವ ದಾರಿ ತೆರೆದಿತ್ತು; ಭೂಮಿ ಕೊಡಲು ಒಪ್ಪಿದವರೂ ಇದ್ದರು. ಉಳಿದವರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ದ್ರಾಕ್ಷಿ, ರಾಗಿ, ತರಕಾರಿ ಬೆಳೆಯುವ ಆ ಜನ ಬೇರೆ ಗತಿಯಿಲ್ಲದೆ ಉಳಿದವರಲ್ಲ. ಹೋಗಬಹುದಾಗಿದ್ದೂ ಉಳಿದರು. ಊರನ್ನು ಆರಿಸಿಕೊಳ್ಳುವುದೆಂದರೆ ಏನೆಂದು ತೋರಿಸಿದವರು ಅವರು.

ಇದರಿಂದ ಹೊರಗಿನಿಂದ ಬರುವವರಿಗೆ ಹಕ್ಕಿಲ್ಲವೆಂದು ಆಗುವುದಿಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಲಾರದೆ ಬಂದವರದೂ ನಿಜವಾದ ಕಷ್ಟವೇ. ಆದರೆ ಮಲಗಲಷ್ಟೇ ಬರುವವರು ಹೆಚ್ಚಾದಂತೆ ಊರು ಊರಾಗಿ ಉಳಿಯದೆ ಮೈಲಿಗಲ್ಲಾಗುತ್ತದೆ. ನೀರಿನ ಮಾತನ್ನೇ ತೆಗೆದುಕೊಳ್ಳಿ. ಜೀವನದಿಯಿಲ್ಲದ ಸೀಮೆ ಇದು. ಕೆರೆ, ಕೊಳವೆಬಾವಿಗಳೇ ಆಧಾರ. ನಗರದ ಕೊಳಚೆ ನೀರನ್ನು ಶುದ್ಧೀಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ದೇವನಹಳ್ಳಿ ಕಡೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರು ಹೇಗಿದೆ, ಯಾರ ಹೊಲಕ್ಕೆ ಇಳಿಯುತ್ತದೆ ಎಂದು ಕೇಳಬೇಕಾದವರಲ್ಲಿ ಹೊಸಬರೂ ಸೇರಿದ್ದಾರೆ.

ಆದ್ದರಿಂದ ಸೈಟು ನೋಡಲು ಈ ಕಡೆ ಬರುವವರಲ್ಲಿ ನನ್ನದೊಂದು ಕೋರಿಕೆ. ಲೇಔಟಿನ ನಕ್ಷೆ ಬಿಡಿಸುವ ಮುನ್ನ ಅಲ್ಲಿ ಯಾರ ಹೊಲವಿತ್ತು, ಮಳೆ ನೀರು ಯಾವ ಕೆರೆಗೆ ಹೋಗುತ್ತಿತ್ತು ಎಂದು ವಿಚಾರಿಸಿ. ಬಂದು ನೆಲೆಸಿದರೆ ಮತದಾರರ ಪಟ್ಟಿಗೆ ಹೆಸರನ್ನು ಇಲ್ಲಿಯೇ ಸೇರಿಸಿ, ಗ್ರಾಮಸಭೆಗೆ ಬನ್ನಿ.